ಧಾರಾವಾಹಿಗೊಬ್ಬ ಹೊಣೆಗಾರ

ಸಂಜೆಯ ಜಪಸರಕ್ಕೆ ಮನೆಮಂದಿ ಕೂಡುವ ಹೊತ್ತನ್ನು ಟಿ.ವಿ. ಧಾರಾವಾಹಿಗಳು ಕಸಿದುಕೊಂಡವೆಂಬ ದೂರು ನಮ್ಮ ಕುಟುಂಬಗಳಲ್ಲಿ ಹೊಸದೇನಲ್ಲ. ದೂರಿನಲ್ಲಿ ಸತ್ಯವೂ ಇದೆ. ಆದರೆ ಪೆಟ್ಟಿಗೆಯನ್ನು ಆರಿಸಿರೆಂದು ಹೇಳಿ ಸುಮ್ಮನಾಗುವುದು ಸುಲಭದ ಉಪದೇಶ. ಅದನ್ನು ಪಾಲಿಸಿದವರು ವಿರಳ. ನೋಡುವುದು ಹೇಗೂ ನಿಶ್ಚಯವಾದ ಮೇಲೆ ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ನಮ್ಮ ಪಡಸಾಲೆಗೆ ನಿತ್ಯ ಬಂದು ಕಥೆ ಹೇಳುವವನು ಯಾರು? ಅವನ ಮಾತಿಗೆ ಹೊಣೆ ಯಾರು? ಕನ್ನಡದಲ್ಲಿ ಈ ಪ್ರಶ್ನೆಗೆ ಸ್ಪಷ್ಟ ಉತ್ತರವಿದ್ದ ಕಾಲವೊಂದಿತ್ತು. ಬರೆದವರೂ ನಿರ್ದೇಶಿಸಿದವರೂ ಬಹುಮಟ್ಟಿಗೆ ಒಬ್ಬರೇ ಆಗಿದ್ದ ಆ ಕಾಲವನ್ನು ನೆನೆದಾಗ ಮೊದಲು ನಾಲಗೆಗೆ ಬರುವ ಹೆಸರು ಟಿ.ಎನ್. ಸೀತಾರಾಮ್.

1948ರಲ್ಲಿ ಜನಿಸಿದ, ದೊಡ್ಡಬಳ್ಳಾಪುರದ ಕಡೆಯವರಾದ ಸೀತಾರಾಮ್ ಓದಿದ್ದು ಕಾನೂನು. ವಕೀಲಿಯನ್ನೂ ಮಾಡಿದರು. ಮನಸ್ಸು ಮಾತ್ರ ರಂಗಭೂಮಿಯ ಕಡೆಗಿತ್ತು. ‘ಆಸ್ಫೋಟ’, ‘ನಮ್ಮೊಳಗೊಬ್ಬ ನಾಜೂಕಯ್ಯ’ ಎಂಬ ಅವರ ನಾಟಕಗಳನ್ನು ಹವ್ಯಾಸಿ ತಂಡಗಳು ಆಡಿದವು. ಪಿ. ಲಂಕೇಶರು 1976ರಲ್ಲಿ ತಮ್ಮ ಮೊದಲ ಚಲನಚಿತ್ರ ‘ಪಲ್ಲವಿ’ಯನ್ನು ತೆಗೆದಾಗ ನಾಯಕನ ಪಾತ್ರವನ್ನು ಇವರಿಗೆ ಕೊಟ್ಟರು, ಆ ಚಿತ್ರಕ್ಕಾಗಿ ಲಂಕೇಶರಿಗೆ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಮನೆಮನೆಯ ಮಾತಾಗಲು ಸೀತಾರಾಮ್ ಅವರಿಗೆ ಇನ್ನೂ ಇಪ್ಪತ್ತು ವರ್ಷಗಳು ಬೇಕಾದವು.

ಅದು ಸಾಧ್ಯವಾದದ್ದು 1998ರ ‘ಮಾಯಾಮೃಗ’ದಿಂದ. ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರೊಂದಿಗೆ ಕೂಡಿ ನಿರ್ದೇಶಿಸಿದ ಈ ಧಾರಾವಾಹಿ ಬೆಂಗಳೂರು ದೂರದರ್ಶನದಲ್ಲಿ ಬರುತ್ತಿತ್ತು. ಹಿಂದಿನ ವರ್ಷವಷ್ಟೇ, 1997ರಲ್ಲಿ, ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಗಿತ್ತು. ಯಲಬುರ್ಗಾ ಸೀಮೆಯ ನಮ್ಮ ಮಂಗಳೂರಿನಂಥ ಊರಿಗೆ (ಕಡಲ ದಂಡೆಯ ಮಂಗಳೂರಲ್ಲ, ಇದು ಕರಿನೆಲದ ಮಂಗಳೂರು) ಮಾಳಿಗೆಯ ಮೇಲಿನ ಆಂಟೆನಾ ಹಿಡಿದು ತರುತ್ತಿದ್ದುದು ದೂರದರ್ಶನವನ್ನೇ. ಬಾವಿಗೆ ಬಿದ್ದವರು, ವಿಷವಿಕ್ಕುವವರು, ಒಡವೆ ಹೇರಿಕೊಂಡು ಅಡುಗೆಮನೆಯಲ್ಲಿ ಸಂಚು ಹೂಡುವವರು ಆ ಕಥೆಯ ಬಂಡವಾಳವಾಗಿರಲಿಲ್ಲ. ಸಾಲ, ನೌಕರಿ, ಮಗಳ ಮದುವೆ, ಮಾತಿಗೆ ತಪ್ಪಿದ ಸಂಕಟ, ಇವೇ ಅದರ ದ್ರವ್ಯ. ಮುಂದೆ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’, ‘ಮಹಾಪರ್ವ’, ‘ಮಗಳು ಜಾನಕಿ’ ಬಂದವು.

ಈ ಕೃತಿಗಳ ಜೀವಾಳವು ನ್ಯಾಯಾಲಯದ ದೃಶ್ಯಗಳಲ್ಲಿದೆ ಎಂದು ನಾವು ಭಾವಿಸುತ್ತೇವೆ. ಸಿ.ಎಸ್.ಪಿ. ಎಂಬ ವಕೀಲನ ಪಾತ್ರವನ್ನು ಸೀತಾರಾಮ್ ತಾವೇ ಧರಿಸಿ, ಕಪ್ಪು ಕೋಟು ತೊಟ್ಟು ನಿಂತಾಗ ಜನರು ಕಾದದ್ದು ಹೊಡೆದಾಟಕ್ಕಲ್ಲ, ವಾದಕ್ಕೆ. ನಮ್ಮ ದೇಶದ ದರ್ಶನಗಳಲ್ಲಿ ಪೂರ್ವಪಕ್ಷವೆಂಬ ಕ್ರಮವುಂಟು. ಎದುರಾಳಿಯ ವಾದವನ್ನು ಅವನೇ ಮೆಚ್ಚುವಷ್ಟು ಬಲವಾಗಿ ಮೊದಲು ಮಂಡಿಸಿ, ಆಮೇಲೆ ಸಿದ್ಧಾಂತವನ್ನು ಹೇಳಬೇಕು. ಸಂತ ಥಾಮಸ್ ಅಕ್ವಿನಾಸರೂ ತಮ್ಮ ಮಹಾಗ್ರಂಥದಲ್ಲಿ ಆಕ್ಷೇಪಣೆಗಳನ್ನು ಮೊದಲಿಗಿಟ್ಟು ಉತ್ತರವನ್ನು ನಂತರ ಬರೆದರು. ಸೀತಾರಾಮರ ಕಟಕಟೆಯಲ್ಲಿ ಈ ಮರ್ಯಾದೆ ಉಳಿದಿತ್ತು. ತಪ್ಪು ಮಾಡಿದವನಿಗೂ ಒಂದು ನ್ಯಾಯವಿತ್ತು, ಅದನ್ನು ಹೇಳಲು ಅವನಿಗೆ ಸಮಯವಿತ್ತು. ಅಣ್ಣ ತಮ್ಮಂದಿರು ಹೊಲದ ಬದುವಿಗಾಗಿ ಮಾತು ಬಿಟ್ಟ ಮನೆಗಳಲ್ಲಿ ಕುಳಿತು ಇದನ್ನು ನೋಡುವುದೇ ಒಂದು ಶಿಕ್ಷಣ.

ಈ ಗುಣ ತೆರೆಗೆ ಮಾತ್ರ ಸೀಮಿತವಾಗಿರಲಿಲ್ಲ. ಲಂಕೇಶರ ಬಳಗದಲ್ಲಿ ಬೆಳೆದ ವ್ಯಕ್ತಿ, ವಿಚಾರದಲ್ಲಿ ಆ ಬಳಗಕ್ಕೆ ಎದುರು ದಡದಲ್ಲಿದ್ದ ಎಸ್.ಎಲ್. ಭೈರಪ್ಪನವರ ‘ಮತದಾನ’ ಕಾದಂಬರಿಯನ್ನು ಆರಿಸಿಕೊಂಡು ಚಲನಚಿತ್ರ ಮಾಡಿದರು. ಅದಕ್ಕೆ ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಬಳಗ ಬೇರೆಯಾದರೆ ಪುಸ್ತಕವನ್ನೂ ಮುಟ್ಟದ ಈ ದಿನಗಳಲ್ಲಿ ಆ ಆಯ್ಕೆ ನಮಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುತ್ತದೆ.

ಅವರು ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಸಂವಾದಗಳನ್ನೂ ನಡೆಸಿದರು. ಈ ಪಾತ್ರ ಹೀಗೇಕೆ ನಡೆಯಿತು ಎಂದು ಗೃಹಿಣಿಯೊಬ್ಬಳು ಎದ್ದು ನಿಂತು ಕೇಳಬಹುದಾಗಿತ್ತು, ಕಥೆಗಾರ ಉತ್ತರಿಸಬೇಕಾಗಿತ್ತು. ಇಂದಿನ ಬಹುಪಾಲು ಧಾರಾವಾಹಿಗಳಲ್ಲಿ ಆ ಪ್ರಶ್ನೆಯನ್ನು ಯಾರಿಗೆ ಕೇಳುವುದು? ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು, ಸಂಚಿಕೆಯ ನಿರ್ದೇಶಕ ಬೇರೆಯೇ. ಎಲ್ಲಕ್ಕೂ ಮೇಲೆ ವಾರವಾರವೂ ಬರುವ ಟಿ.ಆರ್.ಪಿ. ಅಂಕಿ. ಅಂಕಿ ಇಳಿದರೆ ಒಳ್ಳೆಯವಳಿಗೆ ಇದ್ದಕ್ಕಿದ್ದಂತೆ ಮರೆವು ಬರುತ್ತದೆ, ಸತ್ತವನು ಎದ್ದು ಬರುತ್ತಾನೆ. ಲಾಜರನ ಪುನರುತ್ಥಾನವನ್ನು ನಂಬುವ ನಮಗೂ ಇದು ಕೊಂಚ ಅತಿಯೇ! 2020ರಿಂದೀಚೆಗೆ ಪರಭಾಷೆಯ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿಯೂ ಬರುತ್ತಿವೆ. ಅವುಗಳ ಕರ್ತೃ ನಮ್ಮ ಕೂಗಿಗೆ ಇನ್ನಷ್ಟು ದೂರ.

ಸೀತಾರಾಮರನ್ನು ಹೊಗಳುವಾಗ ಎರಡು ಮಾತುಗಳನ್ನು ಬಿಟ್ಟುಬಿಡುವುದು ಸಲ್ಲದು. ಅವರ ನ್ಯಾಯಾಲಯದಲ್ಲಿ ವಾದ ಸರಸರನೆ ಸಾಗಿ ತೀರ್ಪು ಕಣ್ಣೆದುರಿಗೇ ಬರುತ್ತದೆ. ಕೊಪ್ಪಳದ ಕೋರ್ಟಿಗೆ ಬುತ್ತಿ ಕಟ್ಟಿಕೊಂಡು ಬಂದು, ಮುಂದಿನ ತಾರೀಖು ಬರೆಸಿಕೊಂಡು ಬಸ್ಸು ಹತ್ತುವ ರೈತನ ನ್ಯಾಯಾಲಯ ಅದಲ್ಲ. ಎರಡನೆಯದು ಭಾಷೆ. ಅವರ ಪಾತ್ರಗಳು ಬಹುತೇಕ ಬೆಂಗಳೂರು, ಮೈಸೂರಿನ ಮಧ್ಯಮವರ್ಗದ ಕನ್ನಡವನ್ನೇ ಆಡುತ್ತವೆ. ಇದು ಅವರೊಬ್ಬರ ಕೊರತೆಯಲ್ಲ. ಕನ್ನಡದ ಕಿರುತೆರೆಯು ನಮ್ಮ ಭಾಗದ ಮಾತನ್ನು ಬಹುಕಾಲ ನಗೆಪಾತ್ರಗಳಿಗೇ ಮೀಸಲಿಟ್ಟಿತು. ಗಂಗಾವತಿಯ ಭತ್ತದ ಗದ್ದೆಯವರು, ಕುಷ್ಟಗಿಯಿಂದ ಗುಳೆ ಹೋಗುವವರು ತಮ್ಮ ನುಡಿಯಲ್ಲೇ ಗಂಭೀರವಾಗಿ ವಾದಿಸುವ ಧಾರಾವಾಹಿಯೊಂದು ಬರಬೇಕಾಗಿದೆ. ನಮ್ಮ ಮಕ್ಕಳಲ್ಲಿ ಬರೆಯುವ ಕೈ ಇರುವವರು ಎಂಜಿನಿಯರಿಂಗ್, ನರ್ಸಿಂಗ್ ಎಂದು ಹೊರಡುವಾಗ ಹೆತ್ತವರು ಇದನ್ನೂ ಒಮ್ಮೆ ಯೋಚಿಸಲಿ.

2018ರಲ್ಲಿ ಆರಂಭವಾದ ‘ಮಗಳು ಜಾನಕಿ’ ಕೊರೋನಾ ವರ್ಷವಾದ 2020ರಲ್ಲಿ ನಿಂತುಹೋಯಿತು. ನೋಡುತ್ತಿದ್ದವರಿಗೆ ಕಥೆ ಅರ್ಧಕ್ಕೆ ಕಡಿದಂತಾಯಿತು. ಎಪ್ಪತ್ತು ದಾಟಿದ ಸೀತಾರಾಮ್ ಅಲ್ಲಿಗೆ ಲೇಖನಿ ಕೆಳಗಿಡಲಿಲ್ಲ. 2022ರಲ್ಲಿ ಸಿರಿ ಕನ್ನಡ ವಾಹಿನಿಯಲ್ಲಿ ‘ಮತ್ತೆ ಮಾಯಾಮೃಗ’ ತೆರೆಗೆ ಬಂತು. ಹಳೆಯ ಕಥೆಯ ಮನೆಗಳಲ್ಲಿ ಇಪ್ಪತ್ತೈದು ವರ್ಷಗಳ ನಂತರ ಏನಾಯಿತೆಂದು ಕೇಳುವ ಹಕ್ಕು ನೋಡುಗರಿಗಿತ್ತು. ಉತ್ತರಿಸಲು ಬರೆದವರು ಇನ್ನೂ ಇದ್ದರು.