ಯುದ್ಧಕ್ಕೆ ಬೇಕಾದವರು, ಶಾಂತಿಗೆ ಬೇಡವಾದರು

ಯಲಹಂಕ ವಾಯುನೆಲೆಯಲ್ಲಿ ವೈಮಾನಿಕ ಪ್ರದರ್ಶನ ನಡೆದಾಗಲೆಲ್ಲ ನಮ್ಮ ಅಲ್ಲಾಳಸಂದ್ರದ ಮನೆಗಳ ಕಿಟಕಿ ಗಾಜುಗಳು ನಡುಗುತ್ತವೆ. ಅಲ್ಲಿ ಸಮವಸ್ತ್ರ ತೊಟ್ಟ ಮಹಿಳಾ ಅಧಿಕಾರಿಗಳನ್ನು ಕಂಡವರು ಕಾಲ ಬದಲಾಯಿತೆಂದು ಹೆಮ್ಮೆಪಡುವುದು ಸಹಜವೇ. ಆದರೆ ಸೇನಾ ಸಮವಸ್ತ್ರ ಭಾರತೀಯ ಮಹಿಳೆಗೆ ಹೊಸದಲ್ಲ. ಒಮ್ಮೆ ಕೊಟ್ಟು, ಕಸಿದುಕೊಂಡು, ದಶಕಗಳ ನಂತರ ಮರಳಿಸಿದ ಹಕ್ಕು ಅದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ಸರ್ಕಾರ ಇಲ್ಲಿ ಮಹಿಳಾ ಸಹಾಯಕ ದಳವನ್ನು ಸ್ಥಾಪಿಸಿತು. ಅದರ ನೌಕಾ ಶಾಖೆಯೇ ಮುಂದೆ ರಾಯಲ್ ಇಂಡಿಯನ್ ನೇವಿಯ ಮಹಿಳಾ ಸೇವೆಯಾಯಿತು. ಈ ಮಹಿಳೆಯರು ಹಡಗೇರಲಿಲ್ಲ. ದಡದಲ್ಲಿದ್ದು ಸಂದೇಶ ರವಾನೆ, ಸಂಕೇತಲಿಪಿ, ಕಚೇರಿ ಕೆಲಸಗಳನ್ನು ನಿರ್ವಹಿಸಿ, ಗಂಡಸರನ್ನು ಸಮುದ್ರ ಸೇವೆಗೆ ಬಿಡುವು ಮಾಡಿಕೊಟ್ಟರು. ಸೆಕೆಂಡ್ ಆಫೀಸರ್ ಕಲ್ಯಾಣಿ ಸೇನ್ 1945ರಲ್ಲಿ ಬ್ರಿಟನ್ನಿಗೆ ಅಧ್ಯಯನ ಪ್ರವಾಸ ಕೈಗೊಂಡರು. ಸ್ಕಾಟ್ಲೆಂಡಿನ ರೊಸೈತ್ ನೌಕಾನೆಲೆಯಲ್ಲಿ ತೆಗೆದ ಅವರ ಛಾಯಾಚಿತ್ರ ಇಂದಿಗೂ ಉಳಿದಿದೆ. ಮಹಿಳಾ ಸಹಾಯಕ ದಳಕ್ಕೆ ಆಂಗ್ಲೋ-ಇಂಡಿಯನ್ ಯುವತಿಯರು ದೊಡ್ಡ ಸಂಖ್ಯೆಯಲ್ಲಿ ಸೇರಿದ್ದರು. ಆ ಸಮುದಾಯ ಬೇರೂರಿದ್ದ ನೆಲೆಗಳಲ್ಲಿ ನಮ್ಮ ಬೆಂಗಳೂರು ದಂಡು ಪ್ರದೇಶವೂ ಒಂದು.

1946ರ ಫೆಬ್ರವರಿಯಲ್ಲಿ ಮುಂಬಯಿಯ 'ತಲ್ವಾರ್' ನೆಲೆಯಲ್ಲಿ ಆರಂಭವಾದ ನಾವಿಕರ ಬಂಡಾಯದ ಚರಿತ್ರೆಯಲ್ಲಿ ಈ ಮಹಿಳೆಯರು ಒಂದು ಕ್ಷಣ ಕಾಣಿಸಿಕೊಳ್ಳುತ್ತಾರೆ, ಅದೂ ಕೆಲವು ನಾವಿಕರ ಕೀಟಲೆಗೆ ಗುರಿಯಾದವರಾಗಿ. ಅವರ ದುಡಿಮೆಯ ಬಗ್ಗೆ ಆ ಪುಟಗಳು ಮೌನವಾಗಿವೆ.

ಯುದ್ಧ ಮುಗಿಯಿತು, 1947ರ ವೇಳೆಗೆ ದಳವೂ ಮುಗಿಯಿತು. ನಮ್ಮ ಆಡಳಿತದಲ್ಲಿ 'ತಾತ್ಕಾಲಿಕ' ಎಂದು ಮಂಜೂರಾದ ಎಷ್ಟೋ ಹುದ್ದೆಗಳು ವರ್ಷ ವರ್ಷ ನವೀಕರಣಗೊಂಡು ಶಾಶ್ವತವಾದದ್ದನ್ನು ನಾನು ಸೇವಾವಧಿಯಲ್ಲಿ ಕಂಡಿದ್ದೇನೆ. ಮಹಿಳೆಯರ ವಿಷಯದಲ್ಲಿ ಮಾತ್ರ ಆ ಪದವನ್ನು ಅಕ್ಷರಶಃ ಪಾಲಿಸಲಾಯಿತು! ಬಿಕ್ಕಟ್ಟಿನಲ್ಲಿ ಕರೆದು, ಅದು ಕಳೆದೊಡನೆ ಮನೆಗೆ ಕಳುಹಿಸುವ ಮೀಸಲು ಶ್ರಮವೆಂದೇ ಅವರನ್ನು ಪರಿಗಣಿಸಲಾಗಿತ್ತು.

ಇದು ಅನಿವಾರ್ಯವಾಗಿತ್ತೆ? ಅಮೆರಿಕ 1948ರಲ್ಲಿ ಕಾನೂನು ಮಾಡಿ ಮಹಿಳೆಯರಿಗೆ ಸೇನೆಯಲ್ಲಿ ಕಾಯಂ ಸ್ಥಾನ ನೀಡಿತು. ಬ್ರಿಟನ್ 1949ರಲ್ಲಿ ತನ್ನ ಮಹಿಳಾ ನೌಕಾಸೇವೆಯನ್ನು ಶಾಶ್ವತಗೊಳಿಸಿತು. ಸ್ವತಂತ್ರ ಭಾರತ ಮಾತ್ರ, ಸಮಾನತೆಯ ಸಂವಿಧಾನವನ್ನು ಒಪ್ಪಿಕೊಂಡ ಮೇಲೂ, 1957ರ ನೌಕಾಪಡೆ ಕಾಯಿದೆಯ 9ನೇ ಕಲಮಿನಲ್ಲಿ ಕೇಂದ್ರದ ಅಧಿಸೂಚನೆಯಿಲ್ಲದೆ ಮಹಿಳೆಯರಿಗೆ ಪ್ರವೇಶವಿಲ್ಲವೆಂದು ಬರೆಯಿತು. ಅಧಿಕಾರಿ ಹುದ್ದೆಯ ಬಾಗಿಲು ಮತ್ತೆ ತೆರೆದದ್ದು ತೊಂಬತ್ತರ ದಶಕದ ಆರಂಭದಲ್ಲಿ, ಅದೂ ಕೆಲವೇ ಶಾಖೆಗಳಲ್ಲಿ. ನಾವಿಕ ಹುದ್ದೆಗಾಗಿ 2022ರವರೆಗೆ, ಅಂದರೆ ಮುಕ್ಕಾಲು ಶತಮಾನ, ಕಾಯಬೇಕಾಯಿತು. ಕಾಯಂ ಕಮಿಷನ್ ಕೋರಿದ ಅಧಿಕಾರಿಗಳ ಪ್ರಕರಣದಲ್ಲಿ, ರಷ್ಯಾದಿಂದ ಬಂದ ಹಡಗುಗಳಲ್ಲಿ ಮಹಿಳೆಯರಿಗೆ ಶೌಚಾಲಯವಿಲ್ಲವೆಂಬ ವಾದವೂ ಸುಪ್ರೀಂ ಕೋರ್ಟ್ ಮುಂದೆ ಬಂತು. 2020ರ ಮಾರ್ಚ್ 17ರಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮಹಿಳೆಯರು ಈ ಸೇವೆಗೆ ಹೊಸಬರೆಂಬ ಭಾವನೆ ಬೆಳೆದದ್ದಕ್ಕೆ ಹಿಂದಿನವರ ಕತೆ ಅಳಿಸಿಹೋದದ್ದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಆಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ನೂರರ ಆಸುಪಾಸು. ಅವರ ಬಾಯಿಂದಲೇ ಕೇಳುವ ಕಾಲ ಬಹುತೇಕ ಮುಗಿದಿದೆ. ಆದರೆ ಸೇವಾಪತ್ರ, ಬಿಲ್ಲೆ, ಪತ್ರ, ಛಾಯಾಚಿತ್ರಗಳು ಬೆಂಗಳೂರಿನ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿರಬಹುದು. ಮನೆಗಳು ಕೆಡವಲ್ಪಟ್ಟು ಅಪಾರ್ಟ್‌ಮೆಂಟ್‌ಗಳು ಏಳುವಾಗ ಅವೂ ರದ್ದಿಗೆ ಹೋಗುತ್ತವೆ. ಆ ಕುಟುಂಬಗಳಿಗೆ ಬಹಿರಂಗ ಮನವಿ ಮಾಡಿ, ಮೂಲವನ್ನು ಕೇಳದೆ ಪ್ರತಿಯನ್ನಷ್ಟೇ ಮಾಡಿಕೊಂಡು ಹಿಂತಿರುಗಿಸುವ ಕೆಲಸವನ್ನು ರಾಜ್ಯ ಪತ್ರಾಗಾರ ಇಲಾಖೆ ಕೈಗೊಳ್ಳಲಿ. ಹಾಗೆ ಸಿಕ್ಕಿದ್ದಕ್ಕೆ ಕಾರವಾರದ ಕಡಲತೀರದ 'ಚಾಪಲ್' ಯುದ್ಧನೌಕಾ ಸಂಗ್ರಹಾಲಯದಲ್ಲಿ ಒಂದು ಗೋಡೆ ಮೀಸಲಿಟ್ಟರೆ, ಪ್ರವಾಸಕ್ಕೆ ಬರುವ ಶಾಲಾ ಹುಡುಗಿಯರು ನಿಂತು ನೋಡುತ್ತಾರೆ.