ಲಾಬಾನನ ಮನೆಯ ಉದ್ಯೋಗ

ಹೊಸ ಉದ್ಯೋಗಕ್ಕೆ ಹೊರಟ ಮಗನನ್ನೋ ಮಗಳನ್ನೋ ಬಲಿಪೀಠದ ಮುಂದೆ ನಿಲ್ಲಿಸಿ ಆಶೀರ್ವಾದ ಬೇಡುವ ಸತ್ಸಂಪ್ರದಾಯ ನಮ್ಮ ಕುಟುಂಬಗಳಲ್ಲಿ ಇಂದಿಗೂ ಉಳಿದಿದೆ. ಆದರೆ ಎರಡು ತಿಂಗಳು ಕಳೆಯುವುದರೊಳಗೆ ಬೆಂಗಳೂರಿನಿಂದಲೋ ದುಬೈಯಿಂದಲೋ ಅದೇ ಮಗ ದೂರವಾಣಿಯಲ್ಲಿ, "ಅಪ್ಪಾ, ಹೇಳಿದ ಕೆಲಸವೇ ಬೇರೆ, ಕೊಟ್ಟ ಕೆಲಸವೇ ಬೇರೆ" ಎಂದಾಗ ಮನೆಯವರು ನೀಡುವ ಉತ್ತರ ಸಾಮಾನ್ಯವಾಗಿ ಒಂದೇ: ತಾಳಿದವನು ಬಾಳಿಯಾನು. ಈ ಉತ್ತರದ ಬಗ್ಗೆ ನನಗೆ ತಕರಾರಿದೆ.

ಪವಿತ್ರ ಗ್ರಂಥದ ಆದಿಕಾಂಡವನ್ನೇ ನೋಡೋಣ. ರಾಖೇಲಳಿಗಾಗಿ ಯಕೋಬನು ಲಾಬಾನನಲ್ಲಿ ಏಳು ವರ್ಷ ದುಡಿದನು, ದೊರೆತವಳು ಲೇಯ. ಪ್ರಶ್ನಿಸಿದಾಗ ಲಾಬಾನನು ಕೊಟ್ಟ ಸಮಜಾಯಿಷಿ, ಹಿರಿಯಳಿಗಿಂತ ಮೊದಲು ಕಿರಿಯಳ ವಿವಾಹ ಮಾಡುವ ಪದ್ಧತಿ ತಮ್ಮಲ್ಲಿಲ್ಲ ಎಂಬುದು. ಆ ಪದ್ಧತಿ ಏಳು ವರ್ಷಗಳ ಹಿಂದೆಯೂ ಇದ್ದಿತಲ್ಲವೇ? ಅಂದೇಕೆ ಹೇಳಲಿಲ್ಲ? ಇಂದಿನ ಕಚೇರಿಗಳಲ್ಲಿ ಇದಕ್ಕೆ 'ಕಂಪನಿ ಪಾಲಿಸಿ' ಎಂದು ಹೆಸರು. ಇಪ್ಪತ್ತು ವರ್ಷಗಳ ದುಡಿಮೆಯಲ್ಲಿ ತನ್ನ ಸಂಬಳವನ್ನು ಹತ್ತು ಸಲ ಬದಲಾಯಿಸಲಾಯಿತೆಂದು ಯಕೋಬನೇ ದೂರಿಕೊಳ್ಳುತ್ತಾನೆ.

ಅವನು ತಾಳಿದ್ದು ನಿಜ, ಆದರೆ ಬರಿದೆ ತಾಳಲಿಲ್ಲ. ಚುಕ್ಕೆ ಮಚ್ಚೆಗಳುಳ್ಳ ಆಡುಕುರಿಗಳೇ ತನ್ನ ಸಂಬಳವೆಂದು ಕರಾರು ಮಾಡಿಕೊಂಡನು. ಯಾರು ಬಂದು ನೋಡಿದರೂ ಯಾವುದು ಯಾರದೆಂದು ಕಣ್ಣಿಗೇ ಕಾಣುವಂಥ ಕರಾರು ಅದು. (ಲಾಬಾನನು ಅಂದೇ ಚುಕ್ಕೆಯ ಹೋತಗಳನ್ನು ಬೇರ್ಪಡಿಸಿ ತನ್ನ ಮಕ್ಕಳ ವಶಕ್ಕೆ ಸಾಗಿಸಿದನೆಂಬುದು ಬೇರೆ ಮಾತು!) ಕೊನೆಗೆ ಅವನು ಆ ಮನೆಯನ್ನು ಬಿಟ್ಟೇ ಹೊರಟನು. ಅವನನ್ನು ಹೇಡಿಯೆಂದು ಯಾರೂ ಕರೆಯಲಿಲ್ಲ.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಕ್ರಯವಿಕ್ರಯದ ನ್ಯಾಯವನ್ನು ವಿವೇಚಿಸುತ್ತಾ, ಕೊಳ್ಳುವವನಿಗೆ ನಷ್ಟವನ್ನೋ ಅಪಾಯವನ್ನೋ ತರುವ ಗುಪ್ತದೋಷವನ್ನು ಮಾರುವವನು ತಿಳಿಸಲೇಬೇಕೆಂದು ವಾದಿಸಿದರು. ಕುದುರೆಯ ಕುಂಟನ್ನು ಮುಚ್ಚಿಡುವುದು ತಪ್ಪೆಂದಾದರೆ, ಇಂಜಿನಿಯರ್ ಹುದ್ದೆಯೆಂದು ಕರೆಸಿಕೊಂಡು ರಾತ್ರಿಪಾಳಿಯಲ್ಲಿ ದೂರವಾಣಿ ಕರೆಗಳಿಗೆ ಕೂರಿಸುವುದು, ಬಿಟ್ಟುಹೋಗದಂತೆ ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿ ಬೀಗ ಹಾಕಿಡುವುದು ಎಂಥ ತಪ್ಪು?

ಆದರೂ ಒಂದು ವಿವೇಚನೆ ಅಗತ್ಯ. ಮೇಲಧಿಕಾರಿ ಅಸಮರ್ಥನಾಗಿರುವುದು ಬೇರೆ, ಅಪ್ರಾಮಾಣಿಕನಾಗಿರುವುದು ಬೇರೆ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಆದೇಶ ನೀಡುವವನು ಬಹುಶಃ ತಾನೇ ಗೊಂದಲದಲ್ಲಿದ್ದಾನೆ. ಅವನೊಡನೆ ವಿನಯದಿಂದ ಮಾತನಾಡಬಹುದು, ಆದೇಶವನ್ನು ಬರಹದಲ್ಲಿ ಕೇಳಬಹುದು, ಆರು ತಿಂಗಳು ಕಾಯಲೂಬಹುದು. ತಾಳ್ಮೆ ಸದ್ಗುಣವಾಗುವುದು ಇಲ್ಲಿ. ಸುಳ್ಳು ಹೇಳಿ ಕರೆತಂದವನ ಮುಂದೆ ಅದೇ ತಾಳ್ಮೆ ಅವನ ಸುಳ್ಳಿಗೆ ಹೊದಿಕೆಯಾಗುತ್ತದೆ.

ಸಾಲ ತೀರದ ಮನೆಗೆ "ಬಿಟ್ಟು ಬಾ" ಎನ್ನುವುದು ಸುಲಭವಲ್ಲವೆಂದು ಬಲ್ಲೆ. ಹೊರಡುವ ಮುನ್ನವೇ ಕೇಳುವುದು ಅದಕ್ಕಿಂತ ಸುಲಭ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆ ನೇಮಕಾತಿ ಪತ್ರ ನೀಡುವುದನ್ನು ಮಾಲೀಕನ ಕರ್ತವ್ಯವನ್ನಾಗಿ ಮಾಡಿದೆ. ಕೊಲ್ಲಿಗೆ ಕಳುಹಿಸುವ ಏಜೆಂಟನಿಗೆ 1983ರ ವಲಸೆ ಕಾಯಿದೆಯಡಿ ನೋಂದಣಿ ಇರಬೇಕು. ಮದುವೆಯ ಮಾತುಕತೆಯಲ್ಲಿ ಮೂರು ತಲೆಮಾರು ವಿಚಾರಿಸುವ ನಾವು ಏಜೆಂಟನ ನೋಂದಣಿ ಸಂಖ್ಯೆ ಕೇಳಲು ಮಾತ್ರ ಸಂಕೋಚಪಡುತ್ತೇವೆ.

ಇನ್ನೊಂದು ಮಾತು ನಮಗೇ ಸಂಬಂಧಿಸಿದ್ದು. ದುಡಿಯುವವರ ಹಕ್ಕುಗಳ ಕುರಿತು ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲೇ ವಿಶ್ವಪತ್ರ ಬರೆದರು. ನ್ಯಾಯವನ್ನು ಬೋಧಿಸುವ ಧರ್ಮಸಭೆ ಮೊದಲು ತಾನೇ ನ್ಯಾಯವಾಗಿರಬೇಕೆಂದು 1971ರಲ್ಲಿ ರೋಮಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಿನೊಡ್ ಒಪ್ಪಿಕೊಂಡಿತು. ನಮ್ಮ ಧರ್ಮಕೇಂದ್ರದ ಶಾಲೆಯಲ್ಲಿ ಹೊಸದಾಗಿ ಸೇರಿದ ಶಿಕ್ಷಕಿಯರ ಕೈಯಲ್ಲಿ ನೇಮಕಾತಿ ಪತ್ರವಿದೆಯೇ, ಅದರಲ್ಲಿ ಬರೆದ ಮೊತ್ತವೂ ಅವರು ಮನೆಗೆ ಒಯ್ಯುವ ಮೊತ್ತವೂ ಒಂದೇ ಆಗಿದೆಯೇ ಎಂಬ ಪ್ರಶ್ನೆಯನ್ನು ಈ ತಿಂಗಳ ಪಾಲನಾ ಪರಿಷತ್ತಿನ ಸಭೆಯಲ್ಲಿ ಎತ್ತಲಿದ್ದೇನೆ. ಲೆಕ್ಕಪುಸ್ತಕವನ್ನೂ ತರಿಸಿದ್ದೇನೆ.