ಹಂಚಿದ ಹಾಡಿಗೆ ಬೀಗವೇಕೆ?

ರಾಕ್ ತಂಡಗಳ ಆರಂಭದ ದಿನಗಳ ಅಪರೂಪದ ಸಿಡಿಗಳನ್ನು ಕೂಡಿಹಾಕುವವರೊಡನೆ ನನಗೊಂದು ಜಗಳವಿದೆ. ತಾವು ಸಂಗೀತವನ್ನು ಉಳಿಸುತ್ತಿದ್ದೇವೆ ಎಂದು ಅವರು ಹೇಳಿಕೊಳ್ಳುತ್ತಾರೆ. ನನಗಂತೂ ಅದು ಹಾಡಿಗೆ ಬೀಗ ಜಡಿಯುವ ಕೆಲಸವಾಗಿ ಕಾಣುತ್ತದೆ.

ಇಂಗ್ಲೆಂಡಿನ ಶೆಫೀಲ್ಡ್ ನಗರದ ಆರ್ಕ್ಟಿಕ್ ಮಂಕೀಸ್ ತಂಡವನ್ನೇ ತೆಗೆದುಕೊಳ್ಳಿ. ಯಾವ ಕಂಪನಿಯೂ ಕೈಹಿಡಿಯದಿದ್ದ 2003-04ರ ಸುಮಾರಿಗೆ ಈ ಹುಡುಗರು ತಮ್ಮ ಡೆಮೊ ಹಾಡುಗಳನ್ನು ಸಿಡಿಗಳಿಗೆ ಹಾಕಿ, ಕಾರ್ಯಕ್ರಮಕ್ಕೆ ಬಂದವರಿಗೆ ಪುಕ್ಕಟೆ ಕೊಡುತ್ತಿದ್ದರು. ಸಿಡಿಗಳಿದ್ದದ್ದು ಕೆಲವೇ. ಸಿಕ್ಕವರು ಆ ಹಾಡುಗಳನ್ನು ಅಂತರ್ಜಾಲಕ್ಕೆ ಏರಿಸಿ ಸಿಗದವರಿಗೂ ಮುಟ್ಟಿಸಿದರು. ಆ ಹಾಡುಗಳ ಗೊಂಚಲಿಗೆ ‘ಬಿನೀತ್ ದ ಬೋರ್ಡ್‌ವಾಕ್’ ಎಂದು ಹೆಸರಿಟ್ಟವರೂ ಅಭಿಮಾನಿಗಳೇ. ಹೀಗೆ ಪುಕ್ಕಟೆ ಹರಿದಾಡಿದ್ದರಿಂದ ತಂಡ ಮುಳುಗಿತೇ? 2006ರ ಜನವರಿಯಲ್ಲಿ ಬಂದ ಅವರ ಮೊದಲ ಆಲ್ಬಮ್ ಬ್ರಿಟನ್ನಿನಲ್ಲಿ ಒಂದೇ ವಾರದಲ್ಲಿ 3.6 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

ಕೈಯಿಂದ ಕೈಗೆ ದಾಟಲೆಂದೇ ಹುಟ್ಟಿದ ಇಂಥ ಸಿಡಿಗೆ ಸಂಗ್ರಾಹಕ ಪ್ಲಾಸ್ಟಿಕ್ ಹೊದಿಸಿ ಕಪಾಟಿನಲ್ಲಿಡುತ್ತಾನೆ. ಪ್ರತಿ ಮಾಡಿ ಕೊಡಪ್ಪಾ ಎಂದರೆ, ಬೆಲೆ ಬಿದ್ದುಹೋಗುತ್ತದೆ ಎನ್ನುತ್ತಾನೆ. ಕೊಟ್ಟ ಹುಡುಗರು ಕಾಸು ಕೇಳಲಿಲ್ಲ, ಕೂಡಿಟ್ಟವನು ಕೇಳುತ್ತಾನೆ!

‘ನಾವಿಲ್ಲದಿದ್ದರೆ ಇವೆಲ್ಲ ಕಸದಬುಟ್ಟಿ ಸೇರುತ್ತಿದ್ದವು’ ಎಂಬುದು ಅವರ ದೊಡ್ಡ ಸಮರ್ಥನೆ. ಅದರಲ್ಲಿ ಅರ್ಧ ನಿಜವಿದೆ. ಮೂಲ ಸಿಡಿಯ ಮೇಲಿನ ಕೈಬರಹ, ಹೊದಿಕೆಯ ಕಾಗದ ಎಲ್ಲವೂ ಚರಿತ್ರೆಯೇ. ಅವನ್ನು ಜೋಪಾನ ಮಾಡಿದವರಿಗೆ ನಮಸ್ಕಾರ. ಆದರೆ ಮನೆಯ ಕಂಪ್ಯೂಟರಿನಲ್ಲಿ ಹಾಡು ತುಂಬುವ ಸಿಡಿಯೊಳಗೆ ಇರುವುದು ಬಣ್ಣದ ಒಂದು ತೆಳುಪದರ. ಬೆಳಕು, ಬಿಸಿ, ತೇವ ಅದನ್ನು ನಿಧಾನವಾಗಿ ಕೆಡಿಸುತ್ತವೆ. ಬೀಗ ಹಾಕಿದ ಕಪಾಟಿನಲ್ಲೂ ಅದು ಚಿರಂಜೀವಿಯಲ್ಲ. ಒಂದು ದಿನ ಬೀಗ ತೆಗೆದಾಗ ಡಿಸ್ಕ್ ಇರುತ್ತದೆ, ಹಾಡು ಇರುವುದಿಲ್ಲ.

ಉಳಿಸುವುದೆಂದರೆ ಪ್ರತಿ ಮಾಡಿ ಹಂಚುವುದು. ಕನ್ನಡ ಓದುವವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ನಾವು ದಾನಚಿಂತಾಮಣಿ ಎಂದು ಇಂದಿಗೂ ನೆನೆಯುತ್ತೇವೆ. ಒಂದೇ ಓಲೆಗ್ರಂಥವನ್ನು ಪೆಟ್ಟಿಗೆಯಲ್ಲಿಟ್ಟು ಅದರ ಬೆಲೆ ಏರುವುದನ್ನು ಕಾಯುತ್ತ ಕೂತವರ ಹೆಸರು ಯಾರಿಗೆ ಗೊತ್ತು?

‘ಎಳಸು ಹಾಡುಗಳು ಹೊರಬಂದರೆ ತಂಡಕ್ಕೇ ಮುಜುಗರ’ ಎನ್ನುವವರೂ ಇದ್ದಾರೆ. ಆ ಮುಜುಗರ ತಂಡದ್ದು. ಹೇಳುವುದಾದರೆ ಅವರೇ ಹೇಳಲಿ. ತಮ್ಮ ಕೈಯಾರೆ ಹಂಚಿದವರ ಪರವಾಗಿ, ಬಚ್ಚಿಟ್ಟುಕೊಂಡವರು ನಾಚಿಕೊಳ್ಳುವುದು ಬೇಡ.

ಮೂಲ ಸಿಡಿ ನಿಮ್ಮಲ್ಲೇ ಇರಲಿ, ಸ್ವಾಮಿ. ಹಾಡನ್ನು ಮಾತ್ರ ಬಿಟ್ಟುಕೊಡಿ.